ಎಲ್ಲಾ ಸಾಲಿನಲ್ಲೂ ಆರು

ಏಪ್ರಿಲ್ ಅರ್ಧ ಕಳೆಯಿತೆಂದರೆ ನಮ್ಮ ಆಫೀಸಿನ ಕಾಫಿ ಮಷೀನ್ ಪಕ್ಕ ಒಂದು ಕಟ್ಟು ಹಾಳೆ ಬಂದು ಕೂರುತ್ತದೆ. ಹಾಳೆಯಲ್ಲಿ ಎಂಟೇ ಸಾಲು. ಪ್ರತಿ ಸಾಲಿನಲ್ಲಿ ಎರಡು ಐಸ್ ಹಾಕಿ ತಂಡಗಳ ಹೆಸರು, ಪಕ್ಕದಲ್ಲಿ ಎರಡು ಖಾಲಿ ಚೌಕ. ಮೊದಲ ಚೌಕದಲ್ಲಿ ಯಾರು ಗೆಲ್ಲುತ್ತಾರೆ ಅಂತ ಬರೆಯಬೇಕು. ಎರಡನೆಯದರಲ್ಲಿ ಎಷ್ಟು ಆಟಕ್ಕೆ ಸರಣಿ ಮುಗಿಯುತ್ತದೆ ಅಂತ. ತಂಡ ಸರಿಯಾದರೆ ಎರಡು ಅಂಕ, ಆಟದ ಸಂಖ್ಯೆಯೂ ಕೂಡಿ ಬಂದರೆ ಇನ್ನೊಂದು. ಹಾಳೆಯನ್ನು ಐದು ಡಾಲರ್ ನೋಟಿನ ಜೊತೆ ಮಡಚಿ ಒಂದು ಹಳೇ ಶೂ ಡಬ್ಬಕ್ಕೆ ಹಾಕಿದರೆ ಮುಗಿಯಿತು. ಇನ್ನು ಎರಡು ವಾರ ನಿದ್ದೆಗೆ ರಜೆ.

ನಾನಿರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಒಂದು ಟ್ರಕ್ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಊರು ದಾವಣಗೆರೆ. ಐಸ್ ಅಂದರೆ ನಮಗೆ ಕಡ್ಡಿಗೆ ಅಂಟಿಕೊಂಡಿರುವ ಬಣ್ಣದ ಗಡ್ಡೆ, ಅಷ್ಟೇ. ಅದರ ಮೇಲೆ ಕಾಲಿಗೆ ಕತ್ತಿ ಕಟ್ಟಿಕೊಂಡು ಓಡುತ್ತಾ, 'ಪಕ್' ಅನ್ನುವ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಬಾರಿಸಿ, ನಡುನಡುವೆ ಕೈಗವಸು ಬಿಸಾಕಿ ಹೊಡೆದಾಡುವುದನ್ನು ಮೊದಲ ಸಲ ನೋಡಿದಾಗ ಇದು ಆಟವೋ ಜಗಳವೋ ಗೊತ್ತಾಗಲಿಲ್ಲ. ಗೋಲ್‌ಕೀಪರ್‌ಗೆ ಇಲ್ಲಿ 'ಗೋಲಿ' ಅಂತಾರೆ. ಆ ಪದ ಕೇಳಿದಾಗಲೆಲ್ಲ ನನಗೆ ತುಂಬಾ ದಿನ ಗೋಲಿಸೋಡಾನೇ ನೆನಪಾಗುತ್ತಿತ್ತು.

ಆದರೂ ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಐದಾರು ಚಳಿಗಾಲ ಕಳೆಯುವಷ್ಟರಲ್ಲಿ ನನಗೂ ಹುಚ್ಚು ಹತ್ತಿತ್ತು. 2019ರಲ್ಲಿ ಮೊದಲ ಸಲ ಹಾಳೆ ತುಂಬಿದೆ. ಇಡೀ ದಿನ ಅಂಕಿಗಳ ಜೊತೆ ಇರುವವನು ನಾನು, ಇದೇನು ಮಹಾ ಅಂತ.

ಗೊತ್ತಿಲ್ಲದವರಿಗೆ ಎರಡು ಮಾತು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಪ್ರತಿ ತಂಡ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಆಗ 82 ಆಟ ಆಡುತ್ತಿತ್ತು. ಅದರಲ್ಲಿ 16 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಮೊದಲ ಸುತ್ತಿನಲ್ಲಿ ಎಂಟು ಜೋಡಿ. ಏಳು ಆಟದಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ನಮ್ಮ ಐಪಿಎಲ್ ಥರ ಒಂದೇ ರಾತ್ರಿಗೆ ಹಣೆಬರಹ ತೀರ್ಮಾನ ಆಗುವುದಿಲ್ಲ. ಏಳು ಆಟ ಇದ್ದರೆ ಗಟ್ಟಿ ತಂಡವೇ ಗೆಲ್ಲುತ್ತದೆ ಅನ್ನುವುದು ಯಾರಿಗಾದರೂ ಹೊಳೆಯುವ ಮಾತು. ನನಗೂ ಹೊಳೆಯಿತು.

ಆ ವರ್ಷ ಟ್ಯಾಂಪಾ ಬೇ ಲೈಟ್ನಿಂಗ್ 82 ಆಟದಲ್ಲಿ 62 ಗೆದ್ದಿತ್ತು. ಅಲ್ಲಿಯವರೆಗೆ ಅಷ್ಟು ಗೆದ್ದ ತಂಡ ಇನ್ನೊಂದೇ ಒಂದು, 1995-96ರ ಡೆಟ್ರಾಯಿಟ್. ಟ್ಯಾಂಪಾಕ್ಕೆ 128 ಅಂಕ, ಎದುರಿಗೆ ಬಂದ ಕೊಲಂಬಸ್ ಬ್ಲೂ ಜಾಕೆಟ್ಸ್‌ಗೆ 98. ಕೊಲಂಬಸ್ ತನ್ನ ಇತಿಹಾಸದಲ್ಲಿ ಒಂದೇ ಒಂದು ಪ್ಲೇಆಫ್ ಸರಣಿ ಗೆದ್ದಿರಲಿಲ್ಲ. ನಾನು ಯೋಚನೆಯನ್ನೇ ಮಾಡದೆ 'ಟ್ಯಾಂಪಾ, 4' ಅಂತ ಬರೆದೆ. ಮೊದಲ ಆಟದ ಮೊದಲ ಭಾಗದಲ್ಲೇ ಟ್ಯಾಂಪಾ 3-0 ಮುಂದಿತ್ತು. ಟಿವಿ ಆರಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕೊಲಂಬಸ್ 4-3. ಆಮೇಲೆ 5-1, 3-1, 7-3. ಸರಣಿ ನಾಲ್ಕೇ ಆಟಕ್ಕೆ ಮುಗಿಯಿತು. ಸಂಖ್ಯೆ ಸರಿ, ತಂಡ ಮಾತ್ರ ಉಲ್ಟಾ. ಕೊಲಂಬಸ್‌ನ ಗೋಲಿ ಸೆರ್ಗೈ ಬಾಬ್ರೊವ್‌ಸ್ಕಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಅದೊಂದೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆ ಸಲ ಲೀಗ್ ತಂಡಗಳನ್ನು ಹಂಚಿರುವ ನಾಲ್ಕು ಡಿವಿಷನ್‌ಗಳಲ್ಲಿ ಮೊದಲು ಬಂದ ನಾಲ್ಕೂ ತಂಡಗಳು, ಅಂದರೆ ಟ್ಯಾಂಪಾ, ವಾಷಿಂಗ್ಟನ್, ನ್ಯಾಶ್‌ವಿಲ್, ಕ್ಯಾಲ್ಗರಿ, ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದವು. ನಾಲ್ಕನ್ನೂ ನಾನು ಬರೆದಿದ್ದೆ. ಪಿಟ್ಸ್‌ಬರ್ಗ್ ದೊಡ್ಡ ಹೆಸರು ಅಂತ ಬರೆದೆ, ಅದೂ ಹೋಯಿತು. ವಿನ್ನಿಪೆಗ್ ಹೋಯಿತು. ಟೊರಾಂಟೊ ನಮ್ಮೂರು ಅಂತ ಬರೆದಿದ್ದು, ಬಾಸ್ಟನ್ ಎದುರು ಏಳನೇ ಆಟದಲ್ಲಿ ಹೋಯಿತು.

ಎಂಟರಲ್ಲಿ ನನಗೆ ಸರಿಯಾದದ್ದು ಒಂದು. ಸ್ಯಾನ್ ಹೋಸೆ ಶಾರ್ಕ್ಸ್. ಅದರ ಕಥೆ ಕೇಳಿ. ಏಳನೇ ಆಟದಲ್ಲಿ ವೇಗಸ್ 3-0 ಮುಂದಿದೆ, ಉಳಿದಿರುವುದು ಹತ್ತು ಹನ್ನೊಂದು ನಿಮಿಷ. ವೇಗಸ್‌ನ ಆಟಗಾರನೊಬ್ಬ ಫೇಸ್‌ಆಫ್, ಅಂದರೆ ರೆಫರಿ ಪಕ್ ಬೀಳಿಸಿ ಆಟ ಶುರು ಮಾಡುವುದು, ಮುಗಿದ ಕೂಡಲೇ ಎದುರಾಳಿಯನ್ನು ಕೋಲಿನಿಂದ ತಳ್ಳಿದ. ಅವನು ಬಿದ್ದು ತಲೆಗೆ ಪೆಟ್ಟಾಯಿತು. ರೆಫರಿಗಳು ಐದು ನಿಮಿಷದ ದೊಡ್ಡ ಪೆನಾಲ್ಟಿ ಕೊಟ್ಟರು, ಅಂದರೆ ಅಷ್ಟು ಹೊತ್ತು ವೇಗಸ್ ಒಬ್ಬ ಆಟಗಾರನಿಲ್ಲದೆ ಆಡಬೇಕು. ಆ ಐದು ನಿಮಿಷದಲ್ಲಿ ಸ್ಯಾನ್ ಹೋಸೆ ನಾಲ್ಕು ಗೋಲು ಹೊಡೆಯಿತು! ಕೊನೆಯಲ್ಲಿ ವೇಗಸ್ ಸಮ ಮಾಡಿತು, ಆಮೇಲೆ ಹೆಚ್ಚುವರಿ ಸಮಯದಲ್ಲಿ ಸ್ಯಾನ್ ಹೋಸೆ 5-4. ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಯಾವಾಗಲೋ ದಾಟಿತ್ತು. ಪೆನಾಲ್ಟಿ ಕೊಟ್ಟಿದ್ದು ತಪ್ಪು ಅಂತ ಆಮೇಲೆ ದೊಡ್ಡ ಗಲಾಟೆಯಾಗಿ, ಇಂಥ ತೀರ್ಪನ್ನು ವಿಡಿಯೊ ನೋಡಿ ಪರಿಶೀಲಿಸಬಹುದು ಅಂತ ಆ ಬೇಸಿಗೆಯಲ್ಲೇ ನಿಯಮ ಬದಲಾಯಿಸಿದರು. ನನ್ನ ಎಂಟು ಭವಿಷ್ಯಗಳಲ್ಲಿ ನಿಜವಾಗಿದ್ದು ಒಂದೇ, ಅದೂ ರೆಫರಿಯ ಪುಣ್ಯದಿಂದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ.

ಐದು ಡಾಲರ್ ದೊಡ್ಡದಲ್ಲ. ಆದರೆ ಲೆಕ್ಕದವನಿಗೆ ಎಂಟಕ್ಕೆ ಒಂದು ಅಂತ ಗೋಡೆಗೆ ಅಂಟಿಸಿದ್ದರು ನೋಡಿ, ಅಡಿಕೆಗೆ ಹೋದ ಮಾನ.

ನಮ್ಮಲ್ಲಿ ಡಿಸ್‌ಪ್ಯಾಚ್‌ನಲ್ಲಿ ಕೂರುವ ಹಿರಿಯರೊಬ್ಬರಿದ್ದಾರೆ. ಹುಟ್ಟಿದ್ದು ಒಂಟಾರಿಯೊದ ಉತ್ತರದಲ್ಲಿ, ಸಡ್ಬರಿ ಕಡೆ. ನಡೆಯಲು ಕಲಿಯುವ ಮೊದಲೇ ಸ್ಕೇಟ್ ಮಾಡಿದೆ ಅಂತ ಹೇಳಿಕೊಳ್ಳುತ್ತಾರೆ. ಪಕ್ಕಾ ಮಾಂಟ್ರಿಯಲ್ ಅಭಿಮಾನಿ. ಈ ಆಟದ ಬಗ್ಗೆ ಆಫೀಸಿನಲ್ಲಿ ಅವರಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ. ಅವರು ಹಾಳೆ ತುಂಬುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅರ್ಧ ನಿಮಿಷ ಸಾಕು. ಯಾವ ತಂಡಕ್ಕೆ ಜಾಸ್ತಿ ಅಂಕ ಇದೆಯೋ ಅದರ ಹೆಸರು. ಅಂಕ ಸಮ ಇದ್ದರೆ ಸ್ವಂತ ಮೈದಾನದಲ್ಲಿ ಶುರು ಮಾಡುವ ತಂಡ. ಎರಡನೇ ಚೌಕದಲ್ಲಿ ಆರು. ಮೇಲಿಂದ ಕೆಳಗೆ ಎಂಟು ಸಲ ಆರು, ಆರು, ಆರು. ಕಾಫಿ ಲೋಟವನ್ನು ಎಡಗೈಯಿಂದ ಕೆಳಗೂ ಇಡುವುದಿಲ್ಲ. ಪೆನ್ಸಿಲ್ ಅಲ್ಲ, ಪೆನ್ನು.

ನನಗೆ ಇದು ಸೋಮಾರಿತನ ಅನ್ನಿಸಿತ್ತು. 2019ರಲ್ಲಿ ಅವರಿಗೂ ಸಿಕ್ಕಿದ್ದು ಮೂರೇ. ನೋಡಿ, ಗೊತ್ತಿದ್ದವರ ಕಥೆಯೂ ಇಷ್ಟೇ ಅಂದುಕೊಂಡು ನಾನು ನನ್ನದೇ ದಾರಿ ಹಿಡಿದೆ.

ಬಿಸಿ ಹಾಲಿಗೆ ಬಾಯಿ ಹಾಕಿದ ತೆನಾಲಿ ರಾಮನ ಬೆಕ್ಕಿನ ಕಥೆ ಗೊತ್ತಲ್ಲ, ಆಮೇಲೆ ಅದು ಹಾಲು ಕಂಡರೆ ಓಡುತ್ತಿತ್ತು. ನಾನೂ ಹಾಗೇ ದೊಡ್ಡ ತಂಡ ಕಂಡರೆ ಓಡಲು ಶುರು ಮಾಡಿದೆ. 2022ರ ಹಾಳೆ ಈಗಲೂ ಡ್ರಾಯರ್‌ನಲ್ಲಿದೆ. ಐದು ಕಡೆ ಬೇಕಂತಲೇ ಚಿಕ್ಕ ತಂಡ ಬರೆದಿದ್ದೇನೆ. ಕೊಲರಾಡೊ ಎದುರು ನ್ಯಾಶ್‌ವಿಲ್! ನಾಲ್ಕಕ್ಕೆ ನಾಲ್ಕೂ ಸೋತಿತು. ಕ್ಯಾಲ್ಗರಿ ಎದುರು ಡಲ್ಲಾಸ್ ಬರೆದಿದ್ದೆ, ಅವರ ಯುವ ಗೋಲಿ ಜೇಕ್ ಓಟಿಂಜರ್ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಸುಳ್ಳಾಗಲಿಲ್ಲ. ಏಳನೇ ಆಟದಲ್ಲಿ ಅವನು 64 ಹೊಡೆತ ತಡೆದ. ಹೆಚ್ಚುವರಿ ಸಮಯದಲ್ಲಿ ಜಾನಿ ಗೋಡ್ರೋ ಹೊಡೆದ ಒಂದು ಒಳಗೆ ಹೋಯಿತು, ಕ್ಯಾಲ್ಗರಿ 3-2. ನಾನು ಊಹಿಸಿದ್ದೆಲ್ಲ ನಿಜವಾಗಿಯೂ ಸಾಲು ಮಾತ್ರ ತಪ್ಪಾಯಿತು. ಆ ಐದರಲ್ಲಿ ಸರಿಯಾಗಿದ್ದು ಸೇಂಟ್ ಲೂಯಿಸ್ ಒಂದೇ. ಹಿರಿಯರಿಗೆ ಎಂಟರಲ್ಲಿ ಆರು.

ಆ ವಾರಾಂತ್ಯ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಲೆಕ್ಕ ಹಾಕಿದೆ.

ಒಂದು ತಂಡ ಇನ್ನೊಂದಕ್ಕಿಂತ ಸ್ವಲ್ಪ ಮೇಲು ಅಂದುಕೊಳ್ಳಿ. ನೂರು ಆಟ ಆಡಿಸಿದರೆ 55 ಗೆಲ್ಲುವಷ್ಟು ಮೇಲು. ಏಳು ಆಟದ ಸರಣಿಯಲ್ಲಿ ಅದು ಗೆಲ್ಲುವ ಸಾಧ್ಯತೆ ನೂರಕ್ಕೆ 61. ಅಷ್ಟೇ! ನೂರಕ್ಕೆ 60 ಗೆಲ್ಲುವ ತಂಡವಾದರೂ ಸುಮಾರು 71, ಅಷ್ಟೇ. ಏಳು ಆಟ ಅನ್ನುವುದು ನಾವು ಅಂದುಕೊಂಡಷ್ಟು ದೊಡ್ಡ ಜರಡಿಯಲ್ಲ. ಎಂಟೂ ಸರಣಿ 55-45 ಥರ ಇದ್ದರೆ, ಪ್ರತಿ ಸಲ ಸರಿಯಾದ ತಂಡವನ್ನೇ ಹಿಡಿದರೂ, ಎಂಟಕ್ಕೆ ಎಂಟು ಬರುವುದು ಸುಮಾರು ಐವತ್ತು ವರ್ಷಕ್ಕೊಮ್ಮೆ. ಅಷ್ಟರಲ್ಲಿ ನಾನು ರಿಟೈರ್ ಆಗಿ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಿರುತ್ತೇನೆ.

ಇನ್ನು ಆ ಆರರ ಗುಟ್ಟು. ಇದೇ 55ರ ತಂಡ ನಾಲ್ಕು, ಐದು, ಆರು, ಏಳು ಆಟಕ್ಕೆ ಗೆಲ್ಲುವ ಸಾಧ್ಯತೆಯನ್ನು ಬೇರೆ ಬೇರೆ ಹಾಕಿ ನೋಡಿದೆ. ಎಲ್ಲಕ್ಕಿಂತ ಜಾಸ್ತಿ ಬಂದಿದ್ದು ಆರಕ್ಕೆ, ನೂರಕ್ಕೆ ಹದಿನೆಂಟು ಚಿಲ್ಲರೆ. ಏಳಕ್ಕೂ ಐದಕ್ಕೂ ಹದಿನಾರು ಚಿಲ್ಲರೆ. ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ಇದೆ. ಕಾಗದ ಪೆನ್ನು ಹಿಡಿದು ಒಂದು ಮಧ್ಯಾಹ್ನ ಕಳೆದು ನಾನು ಕಂಡುಹಿಡಿದದ್ದನ್ನು ಆ ಮನುಷ್ಯ ಎಡಗೈಲಿ ಕಾಫಿ ಹಿಡಿದು ಬರೆಯುತ್ತಿದ್ದರು.

ಹಾಕಿಯಲ್ಲಿ ಇದು ಇಷ್ಟು ಕಷ್ಟ ಯಾಕೆ? ಗೋಲು ಕಡಿಮೆ ಅನ್ನುವುದೇ ದೊಡ್ಡ ಕಾರಣ. ಕ್ರಿಕೆಟ್‌ನಲ್ಲಿ 20 ಓವರ್‌ಗೆ 120 ಎಸೆತ ಬೀಳುತ್ತದೆ, ರನ್ ಒಂದೊಂದಾಗಿ ಸೇರುತ್ತದೆ. ಇಲ್ಲಿ ಎರಡೂ ಕಡೆ ಸೇರಿ ಸುಮಾರು ಆರು ಗೋಲು. ಪಕ್ ಯಾರದೋ ಬೂಟಿಗೆ ತಾಗಿ ತಿರುಗಿತು, ಕಂಬಕ್ಕೆ ಬಡಿದು ಒಳಗೆ ಬಿತ್ತು, ಮುಗಿಯಿತು. ಜೊತೆಗೆ ಗೋಲಿ. ಒಂದು ತಂಡ ಒಂದು ಆಟದಲ್ಲಿ ಹತ್ತಿರ ಹತ್ತಿರ 30 ಸಲ ಗೋಲ್ ಕಡೆಗೆ ಹೊಡೆಯುತ್ತದೆ, ಏಳು ಆಟಕ್ಕೆ 210. ನೂರಕ್ಕೆ 90 ತಡೆಯುವ ಗೋಲಿ 21 ಗೋಲು ಬಿಡುತ್ತಾನೆ. ಅದೇ ಮನುಷ್ಯ ಎರಡು ವಾರ ಮೈಮೇಲೆ ದೇವರು ಬಂದವನ ಹಾಗೆ 93 ತಡೆದರೆ ಬಿಡುವುದು 15. ಆರು ಗೋಲಿನ ವ್ಯತ್ಯಾಸಕ್ಕೆ ಎರಡು ಮೂರು ಆಟದ ಫಲಿತಾಂಶವೇ ತಿರುಗಬಹುದು. 2010ರಲ್ಲಿ 121 ಅಂಕದ ವಾಷಿಂಗ್ಟನ್‌ಗೆ ಆಗಿದ್ದು ಇದೇ. ಸರಣಿಯಲ್ಲಿ 3-1 ಮುಂದಿದ್ದರು. ಆರನೇ ಆಟದಲ್ಲಿ ಮಾಂಟ್ರಿಯಲ್‌ನ ಯಾರೋಸ್ಲಾವ್ ಹಲಾಕ್ 54 ಹೊಡೆತದಲ್ಲಿ 53 ತಡೆದ. ಏಳನೆಯದನ್ನೂ ಮಾಂಟ್ರಿಯಲ್ ಗೆದ್ದಿತು. ನಮ್ಮ ಹಿರಿಯರು ಇದನ್ನು ಹೇಳುವಾಗ ಈಗಲೂ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಹಾಳೆಯಲ್ಲಿ ವಾಷಿಂಗ್ಟನ್ ಅಂತ ಬರೆದಿದ್ದೆ ಅನ್ನುವುದನ್ನೂ ಸೇರಿಸುತ್ತಾರೆ.

ಹಾಗಾದರೆ ಅಂಕಪಟ್ಟಿಗೆ ಬೆಲೆಯೇ ಇಲ್ಲವಾ? ಇದೆ, ಆದರೆ ಅದೂ ಪೂರ್ತಿ ನಿಜ ಹೇಳುವುದಿಲ್ಲ. ಲೀಗ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಸೋತವರಿಗೂ ಒಂದು ಅಂಕ ಸಿಗುತ್ತದೆ. ಅಲ್ಲಿ ಐದು ನಿಮಿಷ ಮೂರು ಮೂರು ಜನ ಆಡುತ್ತಾರೆ, ಆಗಲೂ ತೀರದಿದ್ದರೆ ಶೂಟೌಟ್. ಪ್ಲೇಆಫ್‌ನಲ್ಲಿ ಅದೆಲ್ಲ ಇಲ್ಲ. ಐದೈದು ಜನವೇ, ಗೋಲು ಬೀಳುವವರೆಗೆ, ಬೆಳಗಾದರೂ ಸರಿ. ಎರಡು ಬೇರೆ ಪರೀಕ್ಷೆ. ಮೊದಲನೆಯದರ ಅಂಕ ಹಿಡಿದು ಎರಡನೆಯದರ ರಿಸಲ್ಟ್ ಹೇಳುತ್ತಿದ್ದೇವೆ.

ಇಷ್ಟೆಲ್ಲ ಲೆಕ್ಕ ಗೊತ್ತಾದ ಮೇಲೂ 2023ರಲ್ಲಿ ನಾನು ಹಿರಿಯರ ದಾರಿ ಹಿಡಿಯಲಿಲ್ಲ. ಯಾಕೆ ಅಂದರೆ ಅದು ಬೋರು. ಎಂಟು ಸಲ ದೊಡ್ಡ ತಂಡ, ಎಂಟು ಸಲ ಆರು ಬರೆದರೆ ನಾನು ಚಳಿಗಾಲವೆಲ್ಲ ಆಟ ನೋಡಿದ್ದು ದಂಡ ಅಲ್ವಾ? ನನಗೂ ಏನೋ ಗೊತ್ತು ಅಂತ ತೋರಿಸಬೇಡವಾ? ತಪ್ಪು ಮಾಡುವ ಧೈರ್ಯ ನನಗಿತ್ತು, ಬೋರ್ ಹೊಡೆಸಿಕೊಳ್ಳುವ ತಾಕತ್ತು ಇರಲಿಲ್ಲ.

ಆ ವರ್ಷ ಬಾಸ್ಟನ್ 65 ಆಟ ಗೆದ್ದು 135 ಅಂಕ ಗಳಿಸಿತ್ತು, ಎರಡೂ ದಾಖಲೆ. ಎದುರಿಗೆ 92 ಅಂಕದ ಫ್ಲಾರಿಡಾ. 'ಬಾಸ್ಟನ್, 4' ಅಂತ ಬರೆದೆ. ಆರು ಅನ್ನಲು ನಾಚಿಕೆಯಾಯಿತು. ಟೊರಾಂಟೊ ವಿಷಯದಲ್ಲಿ ಮನಸ್ಸು ಕಲ್ಲು ಮಾಡಿಕೊಂಡೆ. 1967ರ ನಂತರ ಕಪ್ ಗೆಲ್ಲದ ತಂಡ. 2004ರ ನಂತರ ಒಂದು ಸರಣಿಯನ್ನೂ ಗೆದ್ದಿರಲಿಲ್ಲ. ಏಳನೇ ಆಟಕ್ಕೆ ಹೋಗಿ ಸೋಲುವುದು ಇವರಿಗೆ ವಾರ್ಷಿಕ ಜಾತ್ರೆ. 'ಈ ಸಲ ಕಪ್ ನಮ್ದೇ' ಅಂತ ವರ್ಷ ವರ್ಷ ಕೂಗಿ ಗಂಟಲು ಕಟ್ಟಿಕೊಂಡ ಆರ್‌ಸಿಬಿಯವನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಅಂಕ ಟೊರಾಂಟೊಗೇ ಜಾಸ್ತಿ ಇತ್ತು. ನಾನು ಟ್ಯಾಂಪಾ ಬರೆದೆ.

ಏಪ್ರಿಲ್ 29, ಶನಿವಾರ. ಆರನೇ ಆಟ, ಹೆಚ್ಚುವರಿ ಸಮಯ. ಜಾನ್ ಟವಾರೆಸ್ ತಿರುಗಿ ಹೊಡೆದ ಪಕ್ ಯಾರಿಗೋ ತಾಗಿ ಒಳಗೆ ಹೋಯಿತು. ಟೊರಾಂಟೊ 2-1, ಸರಣಿ 4-2. ನಮ್ಮ ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತಾ ಓಡಾಡಿದವು. ನಾನೂ ಬಾಲ್ಕನಿಗೆ ಬಂದು ಕಿರುಚಿದೆ. ಒಳಗೆ ಬಂದ ಮೇಲೆ ಹಾಳೆ ನೆನಪಾಯಿತು. ಇಪ್ಪತ್ತು ವರ್ಷಕ್ಕೊಮ್ಮೆ ಗೆದ್ದಿದ್ದಾರೆ, ಆ ವರ್ಷವೇ ನಾನು ಅವರ ಹೆಸರು ಬರೆದಿಲ್ಲ.

ಮಾರನೇ ದಿನ, ಭಾನುವಾರ. ಬಾಸ್ಟನ್-ಫ್ಲಾರಿಡಾ ಏಳನೇ ಆಟ. ಸರಣಿಯಲ್ಲಿ 3-1 ಮುಂದಿದ್ದ ಬಾಸ್ಟನ್ ಏಳರವರೆಗೆ ಎಳೆಸಿಕೊಂಡು ಬಂದಿತ್ತು. ಆದರೂ ಆಟ ಮುಗಿಯಲು ಒಂದು ನಿಮಿಷ ಇರುವಾಗ 3-2 ಮುಂದೆ. ಆಗ ಬ್ರ್ಯಾಂಡನ್ ಮೊಂಟೂರ್ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಕಾರ್ಟರ್ ವರ್ಹೇಗಿ ಮುಗಿಸಿದ. ಫ್ಲಾರಿಡಾದ ಗೋಲ್‌ನಲ್ಲಿ ನಿಂತಿದ್ದು ಯಾರು? ಬಾಬ್ರೊವ್‌ಸ್ಕಿ. ಸರಣಿ ಶುರುವಾದಾಗ ಬೆಂಚಿನಲ್ಲಿ ಕೂತಿದ್ದವನು. ಎರಡು ಸಲ ಇತಿಹಾಸದ ದೊಡ್ಡ ತಂಡಗಳನ್ನು ನಂಬಿದೆ, ಎರಡು ಸಲವೂ ಎದುರಿಗೆ ಅದೇ ಮುಖ. ಅದೇ ರಾತ್ರಿ ಹಿಂದಿನ ವರ್ಷದ ಚಾಂಪಿಯನ್ ಕೊಲರಾಡೊವನ್ನು ಎರಡನೇ ವರ್ಷವಷ್ಟೇ ಆಡುತ್ತಿದ್ದ ಸಿಯಾಟಲ್ ಮನೆಗೆ ಕಳಿಸಿತು. ಅದನ್ನೂ ನಾನು ಬರೆದಿರಲಿಲ್ಲ.

ಇಂಥ ವರ್ಷ ಯಾರಿಗೆ ತಾನೇ ಗೊತ್ತಾಗುತ್ತಿತ್ತು ಅಂತ ಸಮಾಧಾನ ಹೇಳಿಕೊಂಡು ಸೋಮವಾರ ಆಫೀಸಿಗೆ ಹೋದೆ. ಆ ರಾತ್ರಿ ಕೊನೆಯ ಸರಣಿಯೂ ಮುಗಿದು ಮಂಗಳವಾರ ಗೋಡೆಗೆ ಪಟ್ಟಿ ಅಂಟಿಸಿದರು. ಹಿರಿಯರಿಗೆ ಎಂಟರಲ್ಲಿ ಆರು ಸರಿ. ಬಾಸ್ಟನ್, ಕೊಲರಾಡೊ ಎರಡೇ ತಪ್ಪು. ಅದಿರಲಿ, ಟೊರಾಂಟೊ, ಕೆರೊಲಿನಾ, ಡಲ್ಲಾಸ್, ಎಡ್ಮಂಟನ್ ನಾಲ್ಕೂ ಗೆದ್ದಿದ್ದು ಆರು ಆಟಕ್ಕೆ. ಹಾಕಿ ಚರಿತ್ರೆಯಲ್ಲೇ ದೊಡ್ಡ ಅನಾಹುತ ಆದ ವಸಂತದಲ್ಲಿ ಆ ಮನುಷ್ಯ ಡಬ್ಬ ಎತ್ತಿಕೊಂಡು ಹೋದರು. ಎಲ್ಲರಿಗೂ ಡೋನಟ್ ತಂದರು. ನಾನು ಎರಡು ತಿಂದೆ.

ಮುಂದಿನ ವರ್ಷ ಅವರಿಗೆ ಎಂಟರಲ್ಲಿ ಏಳು. ಆಗ ಸೋತೆ. ಅಂದರೆ, ಒಪ್ಪಿಕೊಂಡೆ.

2025ರಲ್ಲಿ ಪೆನ್ನು ಹಿಡಿದು ಅವರ ಹಾಗೇ ಬರೆದೆ. ಜಾಸ್ತಿ ಅಂಕ, ಆರು. ಟೊರಾಂಟೊಗೆ 108 ಅಂಕ, ಎದುರಿಗೆ ಒಟ್ಟಾವಾ. ಅಕ್ಕಪಕ್ಕದ ಊರಿನ ಜಗಳ. ಮೊದಲ ಮೂರು ಆಟ ಟೊರಾಂಟೊ ಗೆದ್ದಿತು. ಊರೆಲ್ಲ ನೀಲಿ. ನಾಲ್ಕನೆಯದು ಹೆಚ್ಚುವರಿ ಸಮಯದಲ್ಲಿ ಕೈತಪ್ಪಿತು. ಐದನೆಯದು ಸ್ವಂತ ಮೈದಾನದಲ್ಲೇ 0-4. ಊರಿಗೆ ಊರೇ ಎದೆ ಹಿಡಿದುಕೊಂಡಿತ್ತು. ಅಯ್ಯೋ ಮತ್ತೆ ಅದೇ ಶುರುವಾಯಿತು ಅಂತ ಗೆಳೆಯರ ಮೆಸೇಜಿನ ಮೇಲೆ ಮೆಸೇಜು. ನಾನು ಮಾತ್ರ ಸೋಫಾದಲ್ಲಿ ಕಾಲು ಚಾಚಿ ಚುರುಮುರಿ ತಿನ್ನುತ್ತಿದ್ದೆ. ಕೊನೆಯ ಗೋಲು ಬಿದ್ದಾಗ ಮುಖದಲ್ಲಿ ನಗು ಬಂದಿರಬೇಕು. ಹೆಂಡತಿ ನೋಡಿದಳು.

"ನಮ್ಮೋರು ಸೋತ್ರೆ ನಗ್ತೀರಲ್ಲ, ಏನಾಗಿದೆ ನಿಮಗೆ?"

ಹಾಳೆಯಲ್ಲಿ ಆರು ಅಂತ ಬರೆದಿದ್ದೆ. ಐದನೇ ಆಟ ಸೋತರೆ ತಾನೇ ಆರನೆಯದು ಬರುವುದು. ವಿವರಿಸಲು ಹೋದೆ, ಅವಳು ಎದ್ದು ಹೋದಳು. ಎರಡು ದಿನ ಬಿಟ್ಟು ಟೊರಾಂಟೊ ಆರಕ್ಕೇ ಮುಗಿಸಿತು. ನನಗೆ ಮೂರು ಅಂಕ. ಬೀದಿಯಲ್ಲಿ ಹಾರ್ನ್ ಕೇಳಿಸಿತು. ಈ ಸಲ ಬಾಲ್ಕನಿಗೆ ಹೋಗಲಿಲ್ಲ. ಕೂತಲ್ಲೇ ಹಾಳೆಗೆ ಟಿಕ್ ಹಾಕಿದೆ.

ಆ ವಾರಾಂತ್ಯ ಇನ್ನೂ ವಿಚಿತ್ರ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರುವಾದ ಆಟದಲ್ಲಿ ಆರ್‌ಸಿಬಿ ಚೆನ್ನೈ ಮೇಲೆ 2 ರನ್ನಿಂದ ಗೆದ್ದಿತು. ಅದಕ್ಕೆ ಕುಣಿದಿದ್ದು ಹೌದು. ಸಂಜೆ ಡಲ್ಲಾಸ್-ಕೊಲರಾಡೊ ಏಳನೇ ಆಟ. ಡಲ್ಲಾಸ್ 0-2 ಹಿಂದಿತ್ತು. ಅದೇ ಸೀಸನ್ನಿನಲ್ಲಿ ಕೊಲರಾಡೊ ಕೈಬಿಟ್ಟಿದ್ದ ಮಿಕ್ಕೊ ರಾಂಟನೆನ್ ಕೊನೆಯ ಭಾಗದಲ್ಲಿ ಮೂರು ಗೋಲು ಹೊಡೆದು ಹಳೇ ತಂಡವನ್ನೇ ಮುಗಿಸಿದ. ಭಾನುವಾರ ವಿನ್ನಿಪೆಗ್. ಆಟ ಮುಗಿಯಲು 1.6 ಸೆಕೆಂಡ್ ಇರುವಾಗ ಕೋಲ್ ಪರ್ಫೆಟ್ಟಿ ಸಮ ಮಾಡಿದ, ಎರಡನೇ ಹೆಚ್ಚುವರಿ ಅವಧಿಯಲ್ಲಿ ಆಡಮ್ ಲೌರಿ ಗೆಲ್ಲಿಸಿದ. ಇಂಥ ಎರಡು ರಾತ್ರಿ ಒಟ್ಟೊಟ್ಟಿಗೆ ಬರುವುದೇ ಅಪರೂಪ. ಎರಡೂ ನನ್ನ ಹಾಳೆಯಲ್ಲಿದ್ದವು. ಎರಡು ಅಂಕ, ಮತ್ತೆರಡು ಅಂಕ ಅಂತ ಎಣಿಸಿದೆ.

ಎಂಟರಲ್ಲಿ ಆರು ಸರಿ, ಎರಡು ಕಡೆ ಆಟದ ಸಂಖ್ಯೆಯೂ ಸರಿ. ಒಟ್ಟು 14. ನನ್ನ ಜೀವನದ ಅತಿ ಒಳ್ಳೆಯ ಹಾಳೆ. ಹಿರಿಯರದೂ 14. ಯಾಕೆ ಅಂದರೆ ಎರಡೂ ಹಾಳೆ ಒಂದೇ, ಜೆರಾಕ್ಸ್ ಮಾಡಿದ ಹಾಗೆ. ಇಬ್ಬರೂ ಎರಡನೇ ಸ್ಥಾನ. ಗೆದ್ದವಳು ಬಿಲ್ಲಿಂಗ್‌ನ ಹುಡುಗಿ, ಏಳು ಸರಿ. ಎಡ್ಮಂಟನ್ ಅವಳ ಹುಟ್ಟೂರು, ಅದಕ್ಕೇ ಬರೆದಳಂತೆ.

ಸೋಮವಾರ ಬೆಳಿಗ್ಗೆ ಎರಡನೇ ಸುತ್ತಿನ ಹಾಳೆ ಬಂತು. ಈಗ ನಾಲ್ಕೇ ಸಾಲು. ಮೊದಲ ಸಾಲು ಟೊರಾಂಟೊ, ಫ್ಲಾರಿಡಾ. 108 ಅಂಕ, 98 ಅಂಕ. ಫ್ಲಾರಿಡಾದ ಗೋಲ್‌ನಲ್ಲಿ ಈಗಲೂ ಅದೇ ಬಾಬ್ರೊವ್‌ಸ್ಕಿ. ಹಿರಿಯರು ಎಡಗೈಯಲ್ಲಿ ಲೋಟ ಹಿಡಿದು 'ಟೊರಾಂಟೊ, 6' ಅಂತ ಬರೆದು ಪೆನ್ನನ್ನು ನನ್ನ ಕಡೆ ಚಾಚಿದರು. ನಾನೂ ಅದನ್ನೇ ಬರೆದೆ.

"ಇದು ನನ್ನ ಲೆಕ್ಕನಾ, ನಿನ್ನ ಆಸೆನಾ?" ಅಂತ ಕೇಳಿದರು.

ಐದು ಡಾಲರ್ ನೋಟು ಹುಡುಕುವ ನೆಪದಲ್ಲಿ ಜೇಬಿಗೆ ಕೈ ಹಾಕಿದೆ.